ಎರಡನೇ ತರಗತಿಗೇ ಬೇಕು ವಿಶೇಷ ತರಗತಿ

ಜನವರಿ ಬಂತೆಂದರೆ ರಾಜ್ಯದ ಪ್ರೌಢಶಾಲೆಗಳಲ್ಲಿ ದಿನ ಉದ್ದವಾಗುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಂದು ವಿಶೇಷ ತರಗತಿ, ಸಂಜೆ ಗಂಟೆ ಬಾರಿಸಿದ ಮೇಲೆ ಇನ್ನೊಂದು. ಹಿಂದುಳಿದ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ‘ದತ್ತು’ ಕೊಡಲಾಗುತ್ತದೆ. ಬೆಳಗಿನ ಜಾವ ಮಕ್ಕಳು ಎದ್ದಿದ್ದಾರೋ ಇಲ್ಲವೋ ಎಂದು ಶಿಕ್ಷಕರು ಮನೆಗಳಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು. ಗಣಿತಕ್ಕಂತೂ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಹೊತ್ತಿಗೆಯೇ ಇದೆ: ಎರಡು ಪ್ರಮೇಯ, ಒಂದು ನಕ್ಷೆ, ಒಂದು ರಚನೆ, ಒಂದಿಷ್ಟು ಸೂತ್ರ. ಇಷ್ಟನ್ನು ಬಾಯಿಪಾಠ ಮಾಡಿಸಿದರೆ ಎಸ್‌ಎಸ್‌ಎಲ್‌ಸಿಯ ಗಡಿ ದಾಟಿಸಬಹುದು ಎಂಬ ಲೆಕ್ಕಾಚಾರ. ಈ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಎಷ್ಟೋ ಶಿಕ್ಷಕರು ತಮ್ಮ ಮನೆಯ ಹೊತ್ತನ್ನೇ ಇದಕ್ಕೆ ತೆರುತ್ತಾರೆ. ಆದರೆ ಇಷ್ಟು ಹೊತ್ತು, ಇಷ್ಟು ಕಾಳಜಿ, ಇಷ್ಟು ಚಿಕ್ಕ ಗುಂಪು, ಇಷ್ಟು ಮೇಲ್ವಿಚಾರಣೆ ಇವೆಲ್ಲ ಮಗುವಿಗೆ ದಕ್ಕುವುದು ಶಾಲೆ ಸೇರಿದ ಹತ್ತನೇ ವರ್ಷದಲ್ಲಿ. ಅಷ್ಟರಲ್ಲಿ ಅದು ಗಣಿತದಲ್ಲಿ ಎಡವಿ ಏಳು ಎಂಟು ವರ್ಷ ಕಳೆದಿರುತ್ತದೆ. ಈ ನೆರವಿನ ಒಂದು ಪಾಲನ್ನು ಒಂದು, ಎರಡು, ಮೂರನೇ ತರಗತಿಗಳಿಗೆ ತಂದು, ಶಾಲೆಯ ವೇಳೆಯೊಳಗೇ, ತರಗತಿಯ ಕೋಣೆಯಲ್ಲೇ ಕೊಟ್ಟರೆ ಹತ್ತರಲ್ಲಿ ಪ್ಯಾಕೇಜ್ ಕೇಳುವ ಮಕ್ಕಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ ಎಂಬುದು ಈ ಬರಹದ ವಾದ.

ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಗುಟ್ಟೇನಲ್ಲ. ಪ್ರಥಮ್ ಸಂಸ್ಥೆಯ ನೆರವಿನಿಂದ ನಡೆಯುವ ‘ಅಸರ್’ ಸಮೀಕ್ಷೆಯವರು ದೇಶದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಮುಂದೆ ಒಂದು ಸರಳ ಹಾಳೆ ಇಡುತ್ತಾರೆ. ಮೊದಲು ಒಂದಂಕಿ ಸಂಖ್ಯೆ ಗುರುತಿಸಬೇಕು, ಆಮೇಲೆ ಎರಡಂಕಿಯವು, ಆಮೇಲೆ ದಶಕ ತೆಗೆದುಕೊಂಡು ಮಾಡುವ ಎರಡಂಕಿಯ ಕಳೆಯುವ ಲೆಕ್ಕ, ಕೊನೆಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಹಾಳೆ ಅಲ್ಲಿಗೆ ಮುಗಿಯಿತು. 2024ರ ವರದಿಯಂತೆ ಮೂರನೇ ತರಗತಿಯಲ್ಲಿ ಆ ಕಳೆಯುವ ಲೆಕ್ಕ ಮಾಡಬಲ್ಲವರು ನೂರಕ್ಕೆ 33.7. ಐದನೇ ತರಗತಿಯಲ್ಲಿ ಭಾಗಾಕಾರ ಬಲ್ಲವರು 30.7. ಎಂಟನೇ ತರಗತಿಗೆ ಬಂದರೂ ಅದು 45.8ರಲ್ಲೇ ನಿಂತಿದೆ. ಕೊರೊನಾ ಕಾಲದ ಕುಸಿತದಿಂದ ಮೇಲೆದ್ದದ್ದು ಸಮಾಧಾನದ ಸಂಗತಿಯೇ. 2022ರಲ್ಲಿ ಮೂರನೇ ತರಗತಿಯ ಅಂಕಿ 25.9ಕ್ಕೆ ಇಳಿದಿತ್ತು, ಈಗ ಅದು 2018ರ 28.2ನ್ನೂ ದಾಟಿದೆ. ಆದರೂ ಎಂಟನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಭಾಗಾಕಾರ ಬಾರದಿರುವಾಗ ಅವರ ಮುಂದೆ ಬೀಜೋಕ್ತಿ ತೆರೆದಿಡುವುದು ಪಠ್ಯಕ್ರಮಕ್ಕೆ ಕೊಡುವ ಗೌರವ ಇದ್ದೀತು, ಮಗುವಿಗೆ ಕೊಡುವ ಪಾಠವಂತೂ ಅಲ್ಲ. ಹತ್ತರಲ್ಲಿ ಅನುತ್ತೀರ್ಣನಾಗುವ ಹುಡುಗ ಹತ್ತರ ಗಣಿತದಲ್ಲಿ ಅನುತ್ತೀರ್ಣನಾಗುತ್ತಿಲ್ಲ. ಅವನು ಮೂರನೆಯ ತರಗತಿಯ ಗಣಿತದಲ್ಲಿ ನಿಂತಿದ್ದಾನೆ, ಅದು ಅಂಕಪಟ್ಟಿಯಲ್ಲಿ ಕಾಣುವುದು ಮಾತ್ರ ಹತ್ತರಲ್ಲಿ.

ಬೇರೆ ವಿಷಯಗಳಿಗಿಂತ ಗಣಿತದಲ್ಲಿ ಈ ತಡ ಹೆಚ್ಚು ದುಬಾರಿ. ಸಮಾಜ ವಿಜ್ಞಾನದಲ್ಲಿ ಹೊಯ್ಸಳರ ಪಾಠದ ದಿನ ಜ್ವರ ಬಂದು ಮಲಗಿದ ಮಗು ವಿಜಯನಗರದ ಪಾಠ ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ಸ್ಥಾನಬೆಲೆ ಅರ್ಥವಾಗದ ಮಗುವಿಗೆ ದಶಕ ಸಹಿತ ಸಂಕಲನ ಅರ್ಥವಾಗುವುದಿಲ್ಲ. ಅದಿಲ್ಲದೆ ಗುಣಾಕಾರವಿಲ್ಲ, ಗುಣಾಕಾರವಿಲ್ಲದೆ ಭಾಗಾಕಾರವಿಲ್ಲ, ಭಾಗಾಕಾರವಿಲ್ಲದೆ ಭಿನ್ನರಾಶಿ, ಶೇಕಡ, ಅನುಪಾತ ಯಾವುದೂ ಇಲ್ಲ. 2007ರಲ್ಲಿ ಸಂಶೋಧಕ ಗ್ರೆಗ್ ಡಂಕನ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್, ಕೆನಡಾಗಳ ಆರು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶಾಲೆ ಸೇರುವ ಹೊತ್ತಿಗೆ ಮಗುವಿಗಿದ್ದ ಸಂಖ್ಯಾಜ್ಞಾನವೇ ಅದರ ಮುಂದಿನ ವರ್ಷಗಳ ಕಲಿಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸುತ್ತಿತ್ತು. ಓದಿನ ಸಾಮರ್ಥ್ಯ ಅದರ ನಂತರ, ಗಮನವಿಟ್ಟು ಕೂರುವ ಶಕ್ತಿ ಅದಕ್ಕೂ ನಂತರ. ಇದರಿಂದ ‘ಮೊದಲು ಗಣಿತ ಕಲಿಸಿದರೆ ಎಲ್ಲವೂ ಬಂದಂತೆ’ ಎಂದು ಹೇಳಿಬಿಡುವುದು ತಪ್ಪಾಗುತ್ತದೆ. ಎರಡು ಸಂಗತಿ ಜೊತೆಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮನೆಯ ಸ್ಥಿತಿಗತಿ, ತಾಯಿಯ ಓದು ಎರಡರ ಹಿಂದೆಯೂ ಇರಬಹುದು. ಆದರೆ ಯಾವ ಮಗು ಮುಂದೆ ಕಷ್ಟಪಡಲಿದೆ ಎಂಬುದು ಆರು ಏಳನೇ ವಯಸ್ಸಿಗೇ ಸಾಕಷ್ಟು ತಿಳಿಯುತ್ತದೆ ಎನ್ನುವಷ್ಟಕ್ಕೆ ಈ ಆಧಾರ ಸಾಲುತ್ತದೆ. ಹಾಗಿದ್ದೂ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ತನಕ ಕಾಯುತ್ತೇವೆ.

ಕಾದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಒಂದು ಅಧ್ಯಯನ ಕಣ್ಣು ತೆರೆಸುತ್ತದೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಜಾಂಡ್ರೊ ಗಾನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಸರ್ಕಾರಿ ಶಾಲೆಗಳ ಮಾಧ್ಯಮಿಕ ಹಂತದ ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದು: ತರಗತಿಯ ಕೆಳಗಿನ ಮೂರನೇ ಒಂದು ಭಾಗದ ಮಕ್ಕಳು ಎಂದಿನಂತೆ ಶಾಲೆಗೆ ಹೋಗಿ ಬಂದರೂ ಇಡೀ ವರ್ಷದಲ್ಲಿ ಹೆಚ್ಚುಕಡಿಮೆ ಏನೂ ಕಲಿತಿರಲಿಲ್ಲ. ಹಾಜರಿ ಇತ್ತು, ಪುಸ್ತಕ ಇತ್ತು, ಶಿಕ್ಷಕರಿದ್ದರು. ಪಾಠ ಮಾತ್ರ ಮಗು ನಿಂತಿದ್ದ ಮೆಟ್ಟಿಲಿನಿಂದ ಬಹಳ ಎತ್ತರದಲ್ಲಿ ನಡೆಯುತ್ತಿತ್ತು. ಅದೇ ಶಾಲೆಗಳ ಮಕ್ಕಳಿಗೆ ಅವರವರ ಮಟ್ಟ ನೋಡಿ ಪ್ರಶ್ನೆ ಕೊಡುವ ಕಂಪ್ಯೂಟರ್ ಪಾಠವನ್ನು ಶಾಲೆ ಬಿಟ್ಟ ಮೇಲೆ ನಾಲ್ಕೂವರೆ ತಿಂಗಳು ಕೊಟ್ಟಾಗ ಗಣಿತ ಗಣನೀಯವಾಗಿ ಸುಧಾರಿಸಿತು. ಮಕ್ಕಳು ಕಲಿಯಲಾರದವರಲ್ಲ ಎಂಬುದು ಇದರಿಂದ ಸ್ಪಷ್ಟ. ‘ಬೆಳೆಯುತ್ತಾ ತಾನೇ ಸರಿಹೋಗುತ್ತದೆ’ ಎಂಬ ಮನೆಮಾತಿನ ಸಮಾಧಾನಕ್ಕೂ ಇಲ್ಲೇ ಉತ್ತರವಿದೆ. ಕೆಲವು ಮಕ್ಕಳಿಗೆ ಸರಿಹೋಗುತ್ತದೆ ನಿಜ. ತೀರಾ ಹಿಂದುಳಿದವರಿಗೆ ಸರಿಹೋಗುವುದಿಲ್ಲ, ಅಂತರ ವರ್ಷವರ್ಷಕ್ಕೆ ಹಿಗ್ಗುತ್ತದೆ.

ಬೇಗ ನೆರವು ಕೊಡಬೇಕು ಎಂದರೆ ಹೆಚ್ಚು ಲೆಕ್ಕ ಮಾಡಿಸಬೇಕು ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಒಂದು ಕಳೆಯುವ ಲೆಕ್ಕವನ್ನು ಹತ್ತಿರದಿಂದ ನೋಡೋಣ. ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು; ಉತ್ತರ ಇಪ್ಪತ್ತೈದು. ಇಬ್ಬರು ಮಕ್ಕಳ ಸ್ಲೇಟಿನಲ್ಲೂ 35 ಎಂದಿದೆ ಅನ್ನಿ. ಶಿಕ್ಷಕರು ಇಬ್ಬರಿಗೂ ತಪ್ಪು ಗುರುತು ಹಾಕಿ, ಅಂಥದ್ದೇ ಹತ್ತು ಲೆಕ್ಕ ಮನೆಗೆ ಕೊಟ್ಟು ಕಳಿಸಬಹುದು. ಆದರೆ ‘ಇದು ಹೇಗೆ ಬಂತು, ಹೇಳು ನೋಡೋಣ’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಬೇರೆಯದೇ ಕಥೆ ಹೊರಬೀಳುತ್ತದೆ. ಮೊದಲನೆಯ ಮಗು ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವೆಂದು ತಿರುಗಿಸಿ ಏಳರಿಂದ ಎರಡನ್ನು ಕಳೆದಿದೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಹಿಂದೆ ಹೇಳಿದ್ದನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಎರಡನೆಯದು ಒಂದು ದಶಕ ತೆಗೆದುಕೊಂಡು ಹನ್ನೆರಡರಿಂದ ಏಳನ್ನು ಸರಿಯಾಗಿಯೇ ಕಳೆದು ಐದು ಬರೆದಿದೆ, ಆದರೆ ಹತ್ತರ ಸ್ಥಾನದ ನಾಲ್ಕನ್ನು ಮೂರಾಗಿಸಲು ಮರೆತಿದೆ. ಮೊದಲನೆಯದಕ್ಕೆ ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ಬಿಡಿಯಾಗಿಸುವ ಅನುಭವವೇ ಆಗಿಲ್ಲ. ಎರಡನೆಯದಕ್ಕೆ ಅನುಭವ ಆಗಿದೆ, ಬಿಚ್ಚಿದ ಕಟ್ಟು ಎಣಿಕೆಯಿಂದ ಹೋಯಿತೆಂದು ಬರೆದಿಡುವ ರೂಢಿ ಬಂದಿಲ್ಲ. ಇನ್ನು ಮೂರನೆಯ ಮಗುವಿನ ಸ್ಲೇಟಿನಲ್ಲಿ ಸರಿಯುತ್ತರ 25 ಇದ್ದರೂ ಅದು ಹದಿನೇಳರಿಂದ ನಲವತ್ತೆರಡರ ತನಕ ಬೆರಳು ಮಡಿಸುತ್ತ ಎಣಿಸಿ ಬಂದಿರಬಹುದು. ಸಂಖ್ಯೆ ಮೂರಂಕಿಯಾದ ದಿನ ಅದೂ ನಿಲ್ಲುತ್ತದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಷ್ಟು ಹಿಂದೆಯೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಹೀಗೆ ವಿಂಗಡಿಸಿ ತೋರಿಸಿದ್ದರು. ಮಕ್ಕಳ ತಪ್ಪುಗಳಲ್ಲಿ ಹಲವು ಅಜಾಗರೂಕತೆಯವಲ್ಲ, ತನ್ನದೇ ಒಂದು ತಪ್ಪು ನಿಯಮವನ್ನು ಮಗು ಕ್ರಮವಾಗಿ ಅನ್ವಯಿಸಿದ್ದರಿಂದ ಆದವು. ಹತ್ತು ಲೆಕ್ಕ ಹೆಚ್ಚಿಗೆ ಕೊಟ್ಟರೆ ಆ ತಪ್ಪು ನಿಯಮ ಹತ್ತು ಸಲ ಗಟ್ಟಿಯಾಗುತ್ತದೆ. ನೆರವಿನಲ್ಲಿ ಮೊದಲು ಬರಬೇಕಾದದ್ದು ಈ ಪತ್ತೆ, ಅಭ್ಯಾಸ ಆಮೇಲೆ.

ಇನ್ನೂ ಹಿಂದಕ್ಕೆ, ಒಂದನೇ ತರಗತಿಗೆ ಹೋದರೆ ಬೇರುಗಳು ಕಾಣುತ್ತವೆ. ಐದು ಹುಣಸೆ ಬೀಜ ಮುಂದಿಟ್ಟರೆ ಮಗು ಒಂದು, ಎರಡು ಎಂದು ಐದರ ತನಕ ಸರಿಯಾಗಿ ಎಣಿಸುತ್ತದೆ. ‘ಒಟ್ಟು ಎಷ್ಟು?’ ಎಂದು ಕೇಳಿದರೆ ಮತ್ತೆ ಮೊದಲಿಂದ ಎಣಿಸಲು ಶುರುಮಾಡುತ್ತದೆ. ಎಣಿಕೆಯ ಕೊನೆಯ ಸಂಖ್ಯೆಯೇ ಒಟ್ಟು ಮೊತ್ತ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ. ನೂರರ ತನಕ ಗಿಳಿಪಾಠ ಒಪ್ಪಿಸುವ ಮಕ್ಕಳಲ್ಲೂ ಇದು ಕಾಣಸಿಗುವುದರಿಂದ ಮನೆಯವರು ಮೋಸಹೋಗುತ್ತಾರೆ. ಎರಡನೇ ತರಗತಿಯ ನಂತರ ನೂರಾ ಐದು ಎಂದರೆ 1005 ಎಂದು ಬರೆಯುವ ಮಗು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದೆ. ಸೊನ್ನೆ ಜಾಗ ಹಿಡಿಯುವ ಅಂಕಿ ಎಂಬುದು ತಿಳಿದಿಲ್ಲ. ಇಂಥ ಬಿರುಕುಗಳನ್ನು ಮುಚ್ಚಲು ದೊಡ್ಡ ಸರಕೇನೂ ಬೇಡ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಅಂಕಿ ಬರೆದ ಮನೆಗಳ ಮೇಲೆ ಕಾಯಿ ನಡೆಸುವ ಆಟವನ್ನು ಹದಿನೈದು ನಿಮಿಷಗಳಂತೆ ನಾಲ್ಕು ಸಲ ಆಡಿಸಿದ್ದಷ್ಟೇ. ಸಂಖ್ಯೆಗಳ ಹಿರಿದುಕಿರಿದಿನ ಅರಿವು ಸ್ಪಷ್ಟವಾಗಿ ಹೆಚ್ಚಿತು. ನಮ್ಮ ಹಾವು ಏಣಿ ಆಟ ಇದೇ ಜಾತಿಯದು. ಆಡಿಸುವ ರೀತಿ ಮಾತ್ರ ಮುಖ್ಯ: ಕಾಯಿ ಐದರ ಮನೆಯಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎನ್ನದೆ ‘ಆರು, ಏಳು’ ಎನ್ನುತ್ತ ಕಾಯಿ ನಡೆಸಬೇಕು.

ಹಾಗಂತ ಆಟವೊಂದೇ ಸಾಕೆಂದೂ ಅಲ್ಲ. ದೆಹಲಿಯ ಶಾಲಾಪೂರ್ವ ಕೇಂದ್ರಗಳಲ್ಲಿ ಮಕ್ಕಳಿಗೆ ಗಣಿತದ ಆಟಗಳನ್ನು ಆಡಿಸಿದ ಇನ್ನೊಂದು ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮುಂತಾದ ಸಂಶೋಧಕರು ಅದರಲ್ಲಿದ್ದರು. ಗುಂಪು ನೋಡಿ ಹೆಚ್ಚು ಕಡಿಮೆ ಅಂದಾಜಿಸುವ ಶಕ್ತಿ ಮಕ್ಕಳಲ್ಲಿ ಹೆಚ್ಚಿತು, ವರ್ಷದ ಮೇಲೂ ಉಳಿಯಿತು. ಶಾಲೆಯ ಅಂಕಿಸಂಖ್ಯೆಗಳ ಗಣಿತಕ್ಕೆ ಮಾತ್ರ ಅದು ದಾಟಲಿಲ್ಲ. ಇದರ ತಲೆಕೆಳಗಾದ ಚಿತ್ರವನ್ನು ಡುಫ್ಲೊ, ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2025ರಲ್ಲಿ ಕೊಟ್ಟರು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಸುಮಾರು 1,400 ಮಕ್ಕಳು ತೂಕ, ದರ, ಚಿಲ್ಲರೆಯ ತೊಡಕಿನ ಲೆಕ್ಕಗಳನ್ನು ಕಾಗದ ಪೆನ್ನಿಲ್ಲದೆ ಮಾಡುತ್ತಿದ್ದರು. ಅದೇ ಲೆಕ್ಕವನ್ನು ಪಠ್ಯಪುಸ್ತಕದ ರೂಪದಲ್ಲಿ ಬರೆದುಕೊಟ್ಟರೆ ಬಹುಪಾಲು ಮಕ್ಕಳು ತಡವರಿಸುತ್ತಿದ್ದರು. ಮಾರುಕಟ್ಟೆಯಲ್ಲಿ ದುಡಿಯದ ಶಾಲಾ ಮಕ್ಕಳದ್ದು ಇದಕ್ಕೆ ಉಲ್ಟಾ. ಯಶವಂತಪುರದ ಮಂಡಿಯಲ್ಲಿ ಅಪ್ಪನ ಜೊತೆ ಈರುಳ್ಳಿ ವ್ಯಾಪಾರಕ್ಕೆ ಕೂರುವ ಹುಡುಗನನ್ನು ಶಾಲೆಯಲ್ಲಿ ‘ಲೆಕ್ಕ ತಲೆಗೆ ಹತ್ತಲ್ಲ’ ಎಂದು ಪಕ್ಕಕ್ಕೆ ಕೂರಿಸುವ ಮುನ್ನ ಈ ಅಧ್ಯಯನ ನೆನಪಾಗಬೇಕು. ಬುದ್ಧಿಯ ಕೊರತೆ ಎಂದು ನಾವು ಓದುತ್ತಿರುವುದು ಎಷ್ಟೋ ಸಲ ಒಂದು ಕೊಂಡಿಯ ಕೊರತೆ. ಬೀಜ, ಕಡ್ಡಿ, ನಾಣ್ಯ ಒಂದು ಕಡೆ, ಹಲಗೆಯ ಮೇಲಿನ ಅಂಕಿ ಇನ್ನೊಂದು ಕಡೆ. ಇವೆರಡನ್ನೂ ಒಟ್ಟಿಗೆ ಹಿಡಿದು, ಕಟ್ಟು ಬಿಚ್ಚಿದ ಕ್ಷಣದಲ್ಲೇ ಅಂಕಿ ಬದಲಿಸಿ ಬರೆಸುವ ಕೆಲಸ ಶಿಕ್ಷಕರದ್ದು. ಗಣಿತ ಕಿಟ್ ಬೀರುವಿನಲ್ಲಿದ್ದರೆ ಈ ಕೆಲಸ ನಡೆಯುವುದಿಲ್ಲ. ಕಿಟ್ ಕೈಗೆ ಕೊಟ್ಟು ಸುಮ್ಮನಿದ್ದರೂ ನಡೆಯುವುದಿಲ್ಲ.

ನೆರವನ್ನು ಹೇಗೆ ಕೊಡಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಪರೀಕ್ಷಿಸಿದ ಮಾದರಿಗಳಿವೆ. ಈ ಶತಮಾನದ ಆರಂಭದಲ್ಲಿ ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ‘ಬಾಲಸಖಿ’ಯರನ್ನು ನೇಮಿಸಿತು. ಅವರು ಅದೇ ಬಡಾವಣೆಯ, ಪ್ರೌಢಶಿಕ್ಷಣ ಮುಗಿಸಿದ ಯುವತಿಯರು. ಮೂರು, ನಾಲ್ಕನೇ ತರಗತಿಗಳಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊತ್ತು ಕರೆದುಕೊಂಡು ಒಂದು ಎರಡನೇ ತರಗತಿಯ ಅಡಿಪಾಯದ ಪಾಠ ಮಾಡುತ್ತಿದ್ದರು. ಬ್ಯಾನರ್ಜಿ, ಡುಫ್ಲೊ ಮತ್ತು ಜೊತೆಗಾರರು ಇದನ್ನು ಯಾದೃಚ್ಛಿಕ ಪ್ರಯೋಗದ ಕ್ರಮದಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದರು. ಬಾಲಸಖಿ ಇದ್ದ ಶಾಲೆಗಳಲ್ಲಿ ಕಲಿಕೆ ಮೇಲೇರಿತ್ತು, ಎರಡನೇ ವರ್ಷ ಇನ್ನಷ್ಟು ಏರಿತು. ಲಾಭವೆಲ್ಲ ಬಂದದ್ದು ಹಿಂದುಳಿದ ಮಕ್ಕಳಿಂದಲೇ. ಮಟ್ಟಕ್ಕೆ ತಕ್ಕ ಬೋಧನೆ ಎಂದು ಈಗ ಕರೆಯುವ ವಿಧಾನದ ಬೀಜ ಇಲ್ಲಿದೆ. ಕರ್ನಾಟಕಕ್ಕೆ ಈ ವಿಚಾರ ಹೊಸದಾಗಿ ಬರಬೇಕಾಗಿಯೂ ಇಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶಿಕ್ಷಕರೇ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು ರೂಪಿಸಿದ, 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ನಲಿ-ಕಲಿಯ ತಿರುಳು ಅದೇ. ಕಲಿಕಾ ಏಣಿಯ ಮೇಲೆ ಪ್ರತಿ ಮಗುವಿನ ಮೈಲಿಗಲ್ಲು ಬೇರೆ. ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಒಂದಕ್ಕೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಆಮೇಲಿನವಕ್ಕೆ ಗೆಳೆಯರ ನೆರವು, ಕೊನೆಯದಕ್ಕೆ ಸ್ವಕಲಿಕೆ. ಕಲಿಕೆಯಲ್ಲಿ ಹಿಂದಿರುವ ಮಗು ಶಿಕ್ಷಕರ ಪಕ್ಕದಲ್ಲಿ ಕೂರುವುದಕ್ಕೆ ಇಷ್ಟು ಸಹಜವಾದ ಏರ್ಪಾಡು ಬೇರೆ ಎಲ್ಲೂ ಸುಲಭವಾಗಿ ಸಿಗದು. ಆದರೆ ಕಾರ್ಡು ತುಂಬಿಸುವುದು, ಪ್ರಗತಿ ನೋಟ ಬರೆಯುವುದು ಇವೇ ಗುರಿಯಾಗಿ, ಮೊದಲ ತಟ್ಟೆಯ ಮಗು ವಾರಗಟ್ಟಲೆ ಅದೇ ತಟ್ಟೆಯಲ್ಲಿದ್ದರೂ ಯಾರೂ ಗಮನಿಸದಿದ್ದರೆ ಏರ್ಪಾಡಿನ ಹೆಸರು ಮಾತ್ರ ಉಳಿಯುತ್ತದೆ.

ಶಾಲೆ ತೆರೆದೊಡನೆ ಜೂನ್‌ನಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮದ್ದೂ ಇಂಥದ್ದೇ ಕಥೆ. ಪೂರ್ವ ಪರೀಕ್ಷೆ, ಕೆಲವು ದಿನಗಳ ಬೋಧನೆ, ಸಾಫಲ್ಯ ಪರೀಕ್ಷೆ, ಅಲ್ಲಿಗೆ ಕಡತ ಮುಚ್ಚಿತು. ಕಲ್ಪನೆ ಒಳ್ಳೆಯದು, ಎರಡು ವರ್ಷದ ಹಿಂದುಳಿಕೆಯನ್ನು ಎರಡು ಮೂರು ವಾರದಲ್ಲಿ ತುಂಬಿಸಬಹುದೆಂಬ ಎಣಿಕೆ ಸರಿಯಲ್ಲ. ಬೇಕಾದದ್ದು ವರ್ಷವಿಡೀ ದಿನಕ್ಕೆ ಅರ್ಧ ಗಂಟೆ. ವೇಳಾಪಟ್ಟಿಯಲ್ಲೇ ಬರೆದಿಟ್ಟ ಅರ್ಧ ಗಂಟೆ; ಬಿಸಿಯೂಟದ ಲೆಕ್ಕವೋ ಆನ್‌ಲೈನ್ ಮಾಹಿತಿ ತುಂಬುವುದೋ ಬಂದರೆ ಮೊದಲು ಕತ್ತರಿಸುವ ಅವಧಿಯಾಗಿ ಅಲ್ಲ. ಐದಾರು ಮಕ್ಕಳ ಗುಂಪು, ಆರು ವಾರಕ್ಕೊಮ್ಮೆ ಮತ್ತೆ ಐದು ನಿಮಿಷದ ಮೌಖಿಕ ಪರಿಶೀಲನೆ, ದಾಟಿದವರು ಹೊರಕ್ಕೆ, ಹೊಸದಾಗಿ ಎಡವಿದವರು ಒಳಕ್ಕೆ.

ಶಿಕ್ಷಕರು ಇಲ್ಲಿ ಎತ್ತುವ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೂರು ತರಗತಿಗೆ ಒಬ್ಬರೇ ಇರುವ ಶಾಲೆ, ನವೆಂಬರ್ ತನಕ ಬಾರದ ಅತಿಥಿ ಶಿಕ್ಷಕರು, ಸಮೀಕ್ಷೆ, ಚುನಾವಣೆ, ತರಬೇತಿ, ವರದಿ. ಇವುಗಳ ನಡುವೆ ಮಗುವಿನ ಪಕ್ಕ ಕೂತು ‘ಹೇಗೆ ಬಂತು ಹೇಳು’ ಎನ್ನಲು ಪುರುಸೊತ್ತೆಲ್ಲಿ? ಈ ಮಾತಿನಲ್ಲಿ ಸತ್ಯವಿದೆ ಎಂಬುದಕ್ಕೆ ಪ್ರಯೋಗಗಳೇ ಸಾಕ್ಷಿ. ಬಿಹಾರ ಮತ್ತು ಉತ್ತರಾಖಂಡದಲ್ಲಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಉಳಿದದ್ದನ್ನು ಅವರಿಗೇ ಬಿಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದೇ ಬಿಹಾರದಲ್ಲಿ ಅದೇ ಸರ್ಕಾರಿ ಶಿಕ್ಷಕರು ಬೇಸಿಗೆ ಶಿಬಿರದಲ್ಲಿ ಹಿಂದುಳಿದ ಮಕ್ಕಳಿಗಷ್ಟೇ ಪಾಠ ಮಾಡಿದಾಗ ಮಕ್ಕಳು ಕಲಿತರು. ಶಾಲೆಯ ದಿನಗಳಲ್ಲಿ ಶಿಕ್ಷಕರನ್ನು ಕಟ್ಟಿಹಾಕಿದ್ದು ಅಸಾಮರ್ಥ್ಯವಲ್ಲ, ಪಠ್ಯ ಮುಗಿಸಬೇಕೆಂಬ ಒತ್ತಡ. ಉತ್ತರ ಪ್ರದೇಶದಲ್ಲಿ 2013-14ರಲ್ಲಿ ಶಾಲಾ ವೇಳೆಯಲ್ಲೇ ಹತ್ತು, ಇಪ್ಪತ್ತು ದಿನಗಳ ಶಿಬಿರಗಳನ್ನು ವರ್ಷದಲ್ಲಿ ಒಟ್ಟು ಐವತ್ತು ದಿನ ನಡೆಸಿದಾಗ ಓದು ಮತ್ತು ಗಣಿತ ಎರಡರಲ್ಲೂ ಕಂಡ ಏರಿಕೆ ಇಂಥ ಪ್ರಯೋಗಗಳಲ್ಲೇ ದೊಡ್ಡವುಗಳಲ್ಲಿ ಒಂದು. ಹಾಗಾಗಿ ಇಲಾಖೆ ಇನ್ನೊಂದು ತರಬೇತಿ ಹಾಕುವುದಕ್ಕಿಂತ ಹೊತ್ತನ್ನು ಬಿಡಿಸಿಕೊಡುವುದು ಮೇಲು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಹೆಚ್ಚುವರಿ ಕೈಗಳೂ ಬೇಕು. ತಮಿಳುನಾಡಿನ ಅಂಗನವಾಡಿಗಳಲ್ಲಿ ಪಾಠಕ್ಕೆಂದೇ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದಾಗ ಒಂದೂವರೆ ವರ್ಷದಲ್ಲಿ ಮಕ್ಕಳ ಗಣಿತ, ಭಾಷೆ ಎರಡೂ ಸುಧಾರಿಸಿದವು. ನಮ್ಮಲ್ಲಿ ‘ಗಣಿತ ಗಣಕ’ ಹೆಸರಿನಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಶಿಕ್ಷಕರು ಫೋನ್ ಮೂಲಕ ಮಟ್ಟಕ್ಕೆ ತಕ್ಕ ಲೆಕ್ಕ ಹೇಳಿಕೊಡುವ ಕೆಲಸ ಶುರುವಾಗಿದೆ. ಒಳ್ಳೆಯದೇ. ಅದು ತರಗತಿಯ ನೆರವಿಗೆ ಬೆಂಬಲವಾಗಬೇಕು, ಬದಲಿಯಾಗಬಾರದು. ಮನೆಯಲ್ಲಿ ಫೋನ್ ಅಪ್ಪನ ಜೇಬಿನಲ್ಲಿದ್ದು ಅಪ್ಪ ಹೊಲದಲ್ಲಿದ್ದರೆ ಮಗುವಿಗೆ ಆ ಪಾಠ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಪೋಷಕರದ್ದು: ‘ನಮ್ಮ ಮಗುವನ್ನು ದಡ್ಡರ ಗುಂಪಿಗೆ ಹಾಕಬೇಡಿ.’ ಈ ಭಯಕ್ಕೆ ಕಾರಣವಿದೆ. ಜಾಣರ ಸಾಲು, ದಡ್ಡರ ಸಾಲು ಎಂದು ಬೆಂಚು ಹಂಚಿದ ಶಾಲೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಹಾಗೆ ಹಂಚಿದ ಗುಂಪು ಜೂನ್‌ನಿಂದ ಮಾರ್ಚ್ ತನಕ ಬದಲಾಗದೆ ಇರುವುದೇ ಅದರ ಕ್ರೌರ್ಯ. ಕಳೆಯುವ ಲೆಕ್ಕಕ್ಕೆಂದು ಮಾಡಿದ ಗುಂಪು ಆ ಲೆಕ್ಕ ಬಂದ ದಿನ ಒಡೆಯಬೇಕು. ಆಕೃತಿಗಳ ಪಾಠದಲ್ಲಿ ಅದೇ ಮಗು ಬೇರೆಯವರಿಗೆ ಹೇಳಿಕೊಡುವ ತಟ್ಟೆಯಲ್ಲಿರಬಹುದು. ಗುಂಪೇ ಮಾಡದಿದ್ದರೆ ಹಣೆಪಟ್ಟಿ ತಪ್ಪುತ್ತದೆ ಎಂಬುದೂ ಭ್ರಮೆ. ಹಲಗೆಯ ಮುಂದೆ ನಿಲ್ಲಿಸಿ ಹದಿನಾರರ ಮಗ್ಗಿ ಕೇಳಿದಾಗ ಉತ್ತರ ಬಾರದ ಮಗುವಿಗೆ ಇಡೀ ತರಗತಿಯೇ ಹಣೆಪಟ್ಟಿ ಹಚ್ಚಿರುತ್ತದೆ. ಡಿಸ್‌ಕ್ಯಾಲ್ಕುಲಿಯ ಎಂಬ ನಿರ್ದಿಷ್ಟ ಗಣಿತ ಕಲಿಕಾ ನ್ಯೂನತೆಯ ಮಾತೂ ಇಲ್ಲಿ ಬರುತ್ತದೆ. ನೂರಕ್ಕೆ ಮೂರರಿಂದ ಏಳು ಮಕ್ಕಳಲ್ಲಿ ಅದು ಇರಬಹುದೆಂದು ಸಂಶೋಧಕರ ಅಂದಾಜು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ. ಅಂಥ ಮಕ್ಕಳಿಗೆ ತಜ್ಞರ ನೆರವು ಬೇಕು. ಆದರೆ ಭಾಗಾಕಾರ ಬಾರದ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕಷ್ಟಕ್ಕೆ ಈ ನ್ಯೂನತೆ ಕಾರಣವಲ್ಲ, ಪಾಠ ಅವರನ್ನು ತಲುಪದೇ ಇದ್ದದ್ದು ಕಾರಣ. ಒಳ್ಳೆಯ ಬೋಧನೆ ಆರು ತಿಂಗಳು ಕೊಟ್ಟ ಮೇಲೂ ಸಂಖ್ಯೆಯ ಹಿರಿಕಿರಿದು ತಿಳಿಯದ ಮಗು ಯಾರೆಂಬುದು ಇಂಥ ನೆರವಿನಿಂದಲೇ ಸ್ಪಷ್ಟವಾಗುತ್ತದೆ. ನಗರಗಳ ಪೋಷಕರು ಈ ಆತಂಕವನ್ನು ಅಬಾಕಸ್, ವೇದಗಣಿತದ ತರಗತಿಗಳಿಗೆ ದುಡ್ಡು ಸುರಿದು ತೀರಿಸಿಕೊಳ್ಳುತ್ತಾರೆ. ವೇಗ ಬರಬಹುದು, 35 ಏಕೆ ತಪ್ಪು ಎಂಬುದು ಬರುತ್ತದೆ ಎಂಬ ಭರವಸೆ ಇಲ್ಲ.

ಮುಂದಿರುವ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಾಲಸಖಿ ಪ್ರಯೋಗದಲ್ಲಿ ತರಗತಿಯಲ್ಲೇ ಉಳಿದ ಮಕ್ಕಳಿಗೆ ಹೆಚ್ಚಿನ ಲಾಭವಾಗಲಿಲ್ಲ, ನಷ್ಟವೂ ಆಗಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಂಶೋಧಕರ ಕಡೆಯಿಂದಲೇ ಬರುತ್ತದೆ: ಆರಂಭದ ನೆರವಿನ ಫಲ ಕೆಲವು ವರ್ಷಗಳಲ್ಲಿ ಕರಗುತ್ತದೆ. ಅದು ನಿಜ. ಬಾಲಸಖಿಯರ ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಲಾಭ ಉಳಿದಿತ್ತಾದರೂ ಬಹಳ ಇಳಿದಿತ್ತು. ಹೊರದೇಶಗಳ ಹಲವು ಕಾರ್ಯಕ್ರಮಗಳದ್ದೂ ಇದೇ ಅನುಭವ. ಇದನ್ನು ಬೇಗ ನೆರವು ಕೊಡುವುದರ ವಿರುದ್ಧದ ಸಾಕ್ಷ್ಯವೆಂದು ಓದಬಹುದು. ನನಗೆ ಹಾಗೆ ತೋರುವುದಿಲ್ಲ. ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕ ಕಲಿತ ಮಗು ಮೂರನೇ ತರಗತಿಯಲ್ಲಿ ಮತ್ತೆ ಪುಸ್ತಕದ ಓಟಕ್ಕೆ ಸಿಕ್ಕಿದರೆ ಗುಣಾಕಾರದಲ್ಲಿ ಎಡವುವುದು ಸಹಜ. ಒಮ್ಮೆ ಹಾಕಿದರೆ ಜೀವಮಾನವಿಡೀ ಕಾಯುವ ಲಸಿಕೆಯಂತೆ ಗಣಿತದ ನೆರವನ್ನು ಎಣಿಸಬಾರದು. ಒಂದು ವರ್ಷದ ಯೋಜನೆ ಘೋಷಿಸಿ, ಮರುವರ್ಷ ಹೆಸರು ಬದಲಿಸಿ, ಅದರ ಮರುವರ್ಷ ಕೈಬಿಡುವ ನಮ್ಮ ಪದ್ಧತಿಗೆ ಈ ಆಕ್ಷೇಪ ತಗಲುತ್ತದೆ. ಮೂರನೇ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕದ ಅಡಿಪಾಯ ಎಂಬ ಗುರಿಯೊಂದಿಗೆ 2021ರ ಜುಲೈ 5ರಂದು ಶುರುವಾದ ನಿಪುಣ್ ಭಾರತ್ ಅಭಿಯಾನದ ಗಡುವು 2026-27. ಗಡುವು ದಾಟಿದ ಮೇಲೆ ಏನು ಎಂಬ ಪ್ರಶ್ನೆಗೆ ಈಗಲೇ ಉತ್ತರ ಹುಡುಕಬೇಕು.

ಫೇಲು ಮಾಡುವ ಭಯವಿದ್ದರೆ ಮಕ್ಕಳು ತಾವೇ ಕಲಿಯುತ್ತಾರೆ ಎಂಬ ವಾದ ಈಚೆಗೆ ಮತ್ತೆ ಬಲ ಪಡೆದಿದೆ. 5, 8, 9ನೇ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಬೇಕೇ ಬೇಡವೇ ಎಂಬ ನಮ್ಮ ರಾಜ್ಯದ ಜಗಳ 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 5 ಮತ್ತು 8ರಲ್ಲಿ ಅನುತ್ತೀರ್ಣರಾದವರಿಗೆ ಹೆಚ್ಚುವರಿ ಬೋಧನೆ, ಎರಡು ತಿಂಗಳೊಳಗೆ ಮರುಪರೀಕ್ಷೆ, ಆಮೇಲೂ ಆಗದಿದ್ದರೆ ಅದೇ ತರಗತಿ. ಆ ಹೆಚ್ಚುವರಿ ಬೋಧನೆಯ ಮಾತು ಸರಿಯಾಗಿಯೇ ಇದೆ, ಬರುವ ಹೊತ್ತು ತಪ್ಪು. ಐದನೇ ತರಗತಿಯ ಕೊನೆಯಲ್ಲಿ ಫೇಲು ಎಂದು ಬರೆಸಿಕೊಳ್ಳುವ ಮಗುವಿನ ತೊಡಕು ಎರಡನೇ ತರಗತಿಯ ಅಕ್ಟೋಬರಿನಲ್ಲೇ ಸ್ಲೇಟಿನ ಮೇಲೆ ಕಂಡಿತ್ತು. ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಂದು ವರ್ಷ ಕೇಳಿಸಿದರೆ ಮಗು ಯಾವ ಹೊಸದನ್ನು ಕಲಿತೀತು ಎಂಬುದನ್ನು ಈ ವಾದ ಮಾಡುವವರು ಹೇಳುವುದಿಲ್ಲ.

ಹೊಸ ಕಾನೂನಿನ ಅಗತ್ಯವೂ ಇಲ್ಲ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ ಎಂದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ 2009ರಿಂದಲೇ ಹೇಳುತ್ತಿದೆ. ಅದನ್ನು ಕೇಳುವವರು ಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು, ಶಾಸಕರು, ಉಪನಿರ್ದೇಶಕರು ಎಲ್ಲರೂ ಕೇಳುತ್ತಾರೆ. ಎರಡನೇ ತರಗತಿಯ ಬಗ್ಗೆ ಹಾಗೆ ಕೇಳುವವರಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ ‘ಸಮುದಾಯದತ್ತ ಶಾಲೆ’ ಸಭೆಯೋ ಎಸ್‌ಡಿಎಂಸಿ ಸಭೆಯೋ ನಡೆದಾಗ ಕಟ್ಟಡ, ಶೌಚಾಲಯ, ಕಾಂಪೌಂಡುಗಳ ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಎರಡನೇ ತರಗತಿಯಲ್ಲಿ ದಶಕ ತೆಗೆದುಕೊಂಡು ಕಳೆಯಲು ಬರುವ ಮಕ್ಕಳು ಎಷ್ಟು, ಬಾರದವರಿಗೆ ದಿನದ ಯಾವ ಹೊತ್ತಿನಲ್ಲಿ ಪಾಠ ನಡೆಯುತ್ತಿದೆ, ಆ ಹೊತ್ತಿನಲ್ಲಿ ಶಿಕ್ಷಕರಿಗೆ ಬೇರೆ ಕೆಲಸ ಬೀಳದಂತೆ ನಾವು ಏನು ಮಾಡಬಹುದು.